‘ಹ್ಯೂಮನ್ ಆಫ್ಟರ್ ಆಲ್’ ಆಲ್ಬಂಗೆ ಅಷ್ಟೊಂದು ಬೈದಿದ್ಯಾಕೆ?

ಪ್ರಶ್ನೆ: ಅಣ್ಣಾ, ನಮ್ದು ಮಂಡ್ಯ ಹತ್ರ ಹಳ್ಳಿ, ಮನೇಲಿ ಆಲೆಮನೆ ಐತೆ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಒಂದ್ ವರ್ಷದಿಂದ ಲ್ಯಾಪ್‌ಟಾಪಲ್ಲಿ ಟ್ರ್ಯಾಕ್ ಮಾಡದು ಕಲೀತಿವ್ನಿ. ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡ್ಯಾಫ್ಟ್ ಪಂಕ್ ಅವ್ರ ನಾಕೂ ಸ್ಟುಡಿಯೋ ಆಲ್ಬಂ ಕೇಳ್ದೆ, ನಂಗೆ ‘ಹ್ಯೂಮನ್ ಆಫ್ಟರ್ ಆಲ್’ ಭಾಳ ಹಿಡುಸ್ತು. ಆದ್ರೆ ಎಲ್ಲಿ ನೋಡುದ್ರೂ ಅದೇ ಅವ್ರ ಕಳಪೆ ಆಲ್ಬಂ, ಒಂದೇ ತುಣುಕ್ನ ತಿರುಗಿ ತಿರುಗಿ ಲೂಪ್ ಮಾಡಿ ಎಳ್ದವ್ರೆ ಅಂತಾರೆ. ಇನ್ನ ಕೆಲವ್ರು ಈಗ ಅದುನ್ನೇ ಹೊಗಳ್ತಾವ್ರೆ. ಆವಾಗ್ಯಾಕೆ ಬೈದ್ರು, ಈಗ್ಯಾಕೆ ಹೊಗಳ್ತಾವ್ರೆ? ನನ್ ಕಿವೀಲೇ ಏನಾರ ತೊಂದ್ರೆನಾ? ನನ್ ಟ್ರ್ಯಾಕ್ ಕೇಳ್ದಾಗ್ಲೂ ಫ್ರೆಂಡ್ಸು ‘ಬರೀ ಒಂದೇ ಬತ್ತದಲ್ಲ ಮಗಾ’ ಅಂತಾರೆ.

ಉತ್ತರ: ತಮ್ಮಾ, ನಿನ್ ಕಿವಿಗೆ ಏನೂ ಆಗಿಲ್ಲ. ಆದ್ರೆ ಆವಾಗ ಬೈದವರ ಕಿವಿಗೂ ಏನೂ ಆಗಿರ್ಲಿಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈಗ ಈ ಆಲ್ಬಂ ಹೊಗಳೋರು ಬಹಳ ಜನ ‘ವಿಮರ್ಶಕರಿಗೆ ಅರ್ಥ ಆಗ್ಲಿಲ್ಲ’ ಅಂತ ಒಂದೇ ಮಾತಲ್ಲಿ ಮುಗಿಸ್ಬಿಡ್ತಾರೆ, ಅದು ಸರಿಯಲ್ಲ. ನಾನೇ ಮೊದಲನೇ ಸಲ ಕೇಳಿ ಬೇಜಾರು ಮಾಡ್ಕೊಂಡು ಸಿಡಿ ಎತ್ತಿಟ್ಟವನು. ಮೈಸೂರಲ್ಲಿ ಇಪ್ಪತ್ತೈದು ವರ್ಷದಿಂದ ಸೌಂಡ್ ಕೆಲಸ ಮಾಡ್ತಿದೀನಿ, ವರ್ಷ ಪೂರ್ತಿ ಸರಸ್ವತಿಪುರಂನಲ್ಲಿ ಒಂದು ಸಣ್ಣ ರೂಮಲ್ಲಿ ರೆಕಾರ್ಡಿಂಗು, ಗಣೇಶನ ಹಬ್ಬದಿಂದ ದಸರಾ ಮುಗಿಯೋವರ್ಗೂ ಸ್ಟೇಜ್ ಸೌಂಡು. ಈ ಎರಡನೇ ಕೆಲಸ ಇಲ್ದೇ ಹೋಗಿದ್ರೆ ಈ ಆಲ್ಬಂ ನನಗೆ ಇವತ್ತಿಗೂ ದಕ್ತಿರ್ಲಿಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದ್ಲು ಆ ಟೈಮಲ್ಲಿ ಜನ ಏನು ಕಾಯ್ತಿದ್ರು ಅಂತ ನೋಡು. ಡ್ಯಾಫ್ಟ್ ಪಂಕ್ ಅಂದ್ರೆ ತೋಮಾ ಬಾಂಗಾಲ್ಟರ್ ಮತ್ತೆ ಗೀ-ಮಾನ್ಯುಯೆಲ್, ಇಬ್ರೂ ಪ್ಯಾರಿಸ್ಸಲ್ಲಿ ಸ್ಕೂಲ್ ದಿನಗಳಿಂದ ಫ್ರೆಂಡ್ಸು. 1997ರಲ್ಲಿ ‘ಹೋಮ್‌ವರ್ಕ್’ ಬಂತು, ಬಾಂಗಾಲ್ಟರ್ ಮನೆ ಬೆಡ್‌ರೂಮಲ್ಲೇ ಮಾಡಿದ ಆಲ್ಬಂ ಅದು, ಅದಕ್ಕೇ ಆ ಹೆಸರು. 2001ರಲ್ಲಿ ‘ಡಿಸ್ಕವರಿ’. ಅದಕ್ಕೆ ಎರಡು ವರ್ಷದಷ್ಟು ಕೂತು ಕೆಲಸ ಮಾಡಿದ್ರು, ಹಳೇ ಡಿಸ್ಕೋ ರೆಕಾರ್ಡುಗಳಿಂದ ಚೂರು ಚೂರು ಎತ್ತಿ ಪೋಣಿಸಿ, ಒಂದೊಂದು ಹಾಡೂ ಒಂದೊಂದು ಬಣ್ಣ, ಕುಣಿಯೋದಕ್ಕೂ ಆಗುತ್ತೆ, ಒಬ್ಬನೇ ಕೂತು ಕಣ್ಣು ಮುಚ್ಕೊಂಡು ಕೇಳೋದಕ್ಕೂ ಆಗುತ್ತೆ. ಅದರ ಹಾಡುಗಳನ್ನ ಹಿಡ್ಕೊಂಡು ಜಪಾನಿನ ಲೇಜಿ ಮಾತ್ಸುಮೊತೊ ಅವರ ಜೊತೆ 2003ರಲ್ಲಿ ಪೂರ್ತಿ ಒಂದು ಆನಿಮೇಷನ್ ಸಿನಿಮಾನೇ ಮಾಡಿದ್ರು. ಇಷ್ಟೆಲ್ಲಾ ಆದ್ಮೇಲೆ ಅಭಿಮಾನಿಗಳ ತಲೇಲಿ ಏನಿರುತ್ತೆ ಹೇಳು, ಮುಂದಿಂದು ಇದಕ್ಕಿಂತ ದೊಡ್ಡ ಹಬ್ಬ ಅಂತ. ಹೋಳಿಗೆ ಊಟ ಹಾಕಿದ ಮನೆಗೆ ಮುಂದಿನ ವರ್ಷ ಹೋಗ್ತೀವಿ, ಎಲೆ ಹಾಕಿ ಮುದ್ದೆ ಬಸ್ಸಾರು ಬಡಿಸ್ತಾರೆ. ಮುದ್ದೆ ಬಸ್ಸಾರು ಕೆಟ್ಟ ಊಟ ಅಂತ ಮಂಡ್ಯದವನ ಹತ್ರ ನಾನು ಹೇಳೋ ಹಾಗೇ ಇಲ್ಲ, ಆದ್ರೆ ಹೋಳಿಗೆ ಮನಸ್ಸಲ್ಲಿ ಇಟ್ಕೊಂಡು ಕೂತವನಿಗೆ ಮೊದಲ ತುತ್ತು ಗಂಟಲಲ್ಲಿ ಇಳಿಯಲ್ಲ.

ಆ ಮುದ್ದೆ ಬೇಕು ಅಂತ್ಲೇ ಮಾಡಿದ್ದು. 2004ರ ಸೆಪ್ಟೆಂಬರಲ್ಲಿ ಶುರು ಮಾಡಿ ನವೆಂಬರಲ್ಲಿ ಮುಗಿಸಿದ್ರು, ಒಟ್ಟು ಕೆಲಸ ಆರು ವಾರ. ಎರಡು ಗಿಟಾರು, ಎರಡು ಡ್ರಮ್ ಮಷೀನು, ಮನುಷ್ಯರ ದನಿನ ಮಷೀನ್ ದನಿ ಥರ ಮಾಡೋ ಒಂದು ವೊಕೋಡರು, ಒಂದು ಎಂಟು ಟ್ರ್ಯಾಕಿನ ರೆಕಾರ್ಡರು, ಅಷ್ಟೇ ಸಾಮಾನು. ನೀನು ಲ್ಯಾಪ್‌ಟಾಪಲ್ಲಿ ಕಲಿತವನು, ಎಂಟು ಟ್ರ್ಯಾಕ್ ಅಂದ್ರೆ ಏನು ಅಂತ ಬಿಡಿಸಿ ಹೇಳ್ತೀನಿ. ನಿನ್ನ ಸಾಫ್ಟ್‌ವೇರಲ್ಲಿ ನೀನು ನೂರು ಲೇಯರ್ ಹಾಕ್ಬೋದು, ಒಂದು ಇಷ್ಟ ಆಗ್ಲಿಲ್ಲ ಅಂದ್ರೆ ಮ್ಯೂಟ್ ಮಾಡಿ ಇನ್ನೊಂದು. ಎಂಟು ಟ್ರ್ಯಾಕಲ್ಲಿ ಡ್ರಮ್ಮಿಗೆ ಎರಡೋ ಮೂರೋ ಹೋಯ್ತು, ಗಿಟಾರಿಗೆ ಎರಡು, ದನಿಗೆ ಒಂದು, ಮಿಕ್ಕಿದ್ದು ಒಂದೆರಡು, ಅಲ್ಲಿಗೆ ಜಾಗ ಖಾಲಿ. ಹೊಸದೇನಾದ್ರೂ ಹಾಕ್ಬೇಕು ಅಂದ್ರೆ ಇರೋದನ್ನ ಅಳಿಸ್ಬೇಕು, ಇಲ್ಲಾ ಎರಡನ್ನ ಸೇರಿಸಿ ಒಂದು ಮಾಡ್ಬೇಕು, ಒಂದ್ಸಲ ಸೇರಿಸಿದ್ರೆ ಮತ್ತೆ ಬೇರೆ ಮಾಡೋಕಾಗಲ್ಲ. ಹಂಗಾಗಿ ತಪ್ಪು ತಪ್ಪಾಗೇ ಉಳಿಯುತ್ತೆ, ಗಿಟಾರ್ ಹರಿದು ಬಂದ್ರೆ ಹರಿದೇ ಇರುತ್ತೆ. ಇಬ್ರು ರೋಬೋಟ್ ಹೆಲ್ಮೆಟ್ ಹಾಕ್ಕೊಂಡೋರು ಮಾಡಿದ ಆಲ್ಬಮ್ಮಿಗೆ ಎಷ್ಟಾದ್ರೂ ಮನುಷ್ಯರೇ ಅನ್ನೋ ಅರ್ಥದ ಹೆಸರಿಟ್ಟಿದಾರಲ್ಲ, ಅದು ನನಗೆ ಆ ಹರುಕಲ್ಲೇ ಕೇಳ್ಸೋದು.

2005ರ ಮಾರ್ಚಲ್ಲಿ ರಿಲೀಸು. ಅದಕ್ಕೂ ಮುಂಚೆನೇ ಲೀಕ್ ಆಗಿತ್ತು. ಇಬ್ರೂ ಒಂದು ಇಂಟರ್‌ವ್ಯೂ ಕೊಡ್ಲಿಲ್ಲ, ಆಲ್ಬಂ ತಾನೇ ಮಾತಾಡ್ಲಿ ಅಂತ ಸುಮ್ಮನಿದ್ರು. ಹತ್ತು ಹಾಡು, ಸುಮಾರು ಮುಕ್ಕಾಲು ಗಂಟೆ. ಮೆಟಾಕ್ರಿಟಿಕ್‌ನಲ್ಲಿ ಎಲ್ಲಾ ವಿಮರ್ಶೆ ಸೇರಿಸಿ ನೂರಕ್ಕೆ 57, ಪಿಚ್‌ಫೋರ್ಕ್ ಅನ್ನೋ ಸಂಗೀತ ವಿಮರ್ಶೆ ಸೈಟು ಹತ್ತಕ್ಕೆ 4.9 ಕೊಡ್ತು. ಬಹಳ ಜನರ ದೂರು ನಿನ್ನ ಫ್ರೆಂಡ್ಸ್ ಹೇಳಿದ್ದೇ, ಒಂದೇ ಬರ್ತಿದೆ, ಅವಸರದಲ್ಲಿ ಮಾಡಿದಾರೆ ಅಂತ. ಹಾಗಂತ ಪೂರ್ತಿ ತಿರಸ್ಕಾರ ಆಯ್ತು ಅಂತನೂ ಅಲ್ಲ, 2006ರ ಗ್ರ್ಯಾಮಿಗೆ ಎಲೆಕ್ಟ್ರಾನಿಕ್ ಆಲ್ಬಂ ವಿಭಾಗದಲ್ಲಿ ನಾಮಿನೇಟ್ ಆಗಿತ್ತು, ಕೆಮಿಕಲ್ ಬ್ರದರ್ಸ್ ಗೆದ್ರು, ಅವರೂ ಜೋಡಿನೇ. ಇನ್ನೊಂದು ವಿಷಯ ನೆನಪಿಟ್ಕೋ, ಈಗ ಎಲ್ರೂ ತಲೆ ಮೇಲೆ ಹೊತ್ಕೊಳ್ಳೋ ‘ಡಿಸ್ಕವರಿ’ಗೂ ಪಿಚ್‌ಫೋರ್ಕ್ 2001ರಲ್ಲಿ ಕೊಟ್ಟಿದ್ದು ಬರೀ 6.4. ಇಪ್ಪತ್ತು ವರ್ಷ ಆದ್ಮೇಲೆ 2021ರಲ್ಲಿ ಅವರೇ ಅದನ್ನ ಹತ್ತಕ್ಕೆ ಹತ್ತು ಅಂತ ತಿದ್ದಿದ್ರು.

ನನಗೆ ಈ ಆಲ್ಬಂ ಸಿಕ್ಕಿದ್ದು ಹೆಬ್ಬಾಳ್ ಕಡೆ ಕಂಪನಿ ಟ್ರೈನಿಂಗಿಗೆ ಬಂದಿದ್ದ ಒಬ್ಬ ಹುಡುಗನಿಂದ, ರೈಟ್ ಮಾಡಿದ ಸಿಡಿ, ಮೇಲೆ ಮಾರ್ಕರಲ್ಲಿ ಬರೆದಿದ್ದ. ರಾತ್ರಿ ಊಟ ಆದ್ಮೇಲೆ ಮನೇಲಿ ಸಣ್ಣ ಸ್ಪೀಕರಲ್ಲಿ ಮೆಲ್ಲಗೆ ಹಾಕ್ದೆ, ಮಗು ಮಲಗಿತ್ತು. ‘ರೋಬೋಟ್ ರಾಕ್’ ಬಂತು, ಗಿಟಾರ್ ರಿಫ್, ಅಂದ್ರೆ ತಿರುಗಿ ತಿರುಗಿ ಬರೋ ಸಣ್ಣ ಸಾಲು, ಬಂತು, ಮತ್ತೆ ಬಂತು, ಮತ್ತೆ ಅದೇ ಬಂತು, ಇನ್ನೇನು ಹಾಡು ಶುರು ಆಗುತ್ತೆ ಅಂತ ಕಾದೆ, ಆಗ್ಲೇ ಇಲ್ಲ, ಮುಗ್ದೇ ಹೋಯ್ತು. ಆ ರಿಫ್ ಕೂಡ ಅವ್ರದ್ದಲ್ಲ, ಬ್ರೇಕ್‌ವಾಟರ್ ಅನ್ನೋ ಅಮೆರಿಕದ ಬ್ಯಾಂಡಿನ 1980ರ ಒಂದು ಹಾಡಿಂದ ತಗೊಂಡಿದ್ದು. ಆ ರಾತ್ರಿ ನಾನೂ 4.9 ಕೊಡ್ತಿದ್ದೆ.

ಈಗ ಆ ದೂರಲ್ಲಿ ಏನು ನಿಜ ಇದೆ ಅಂತ ನೋಡಣ, ಇದು ನಿನ್ನ ಟ್ರ್ಯಾಕಿಗೂ ಬೇಕಾಗುತ್ತೆ. ‘ಹೋಮ್‌ವರ್ಕ್’ನ ‘ಅರೌಂಡ್ ದ ವರ್ಲ್ಡ್’ ತಗೋ. ಏಳು ನಿಮಿಷ, ಹಾಡಿನ ಹೆಸರು ಬಿಟ್ರೆ ಅದರಲ್ಲಿ ಇನ್ನೊಂದು ಪದ ಇಲ್ಲ, ನೂರಕ್ಕೂ ಹೆಚ್ಚು ಸಲ ಅದನ್ನೇ ಹೇಳ್ತಾರೆ. ಆದ್ರೂ ಯಾರೂ ಬೋರ್ ಅನ್ಲಿಲ್ಲ, ಯಾಕೆ? ಅದರ ವಿಡಿಯೋ ನೋಡು, ಮಿಶೆಲ್ ಗೊಂದ್ರಿ ಮಾಡಿದ್ದು, ನಾನು ಪಾಠ ಹೇಳ್ಕೊಡೋವಾಗೆಲ್ಲಾ ಅದನ್ನೇ ತೋರಿಸೋದು. ಒಂದು ವೃತ್ತಾಕಾರದ ವೇದಿಕೆ ಮೇಲೆ ಐದು ಗುಂಪು ಕುಣಿಯುತ್ತೆ. ರೋಬೋಟ್ ವೇಷದೋರು ದನಿ, ಎತ್ತರದ ಅಥ್ಲೀಟುಗಳು ಬೇಸ್ ಗಿಟಾರು, ಈಜುಡುಗೆ ಹಾಕಿರೋ ಹೆಣ್ಮಕ್ಕಳು ಕೀಬೋರ್ಡು, ಅಸ್ಥಿಪಂಜರಗಳು ಗಿಟಾರು, ಬಟ್ಟೆ ಸುತ್ತಿರೋ ಮಮ್ಮಿಗಳು ಡ್ರಮ್ ಮಷೀನು. ಬೇಸಿನ ಸ್ವರ ಮೇಲೆ ಹತ್ತಿ ಕೆಳಗಿಳಿದ್ರೆ ಅಥ್ಲೀಟುಗಳು ಮೆಟ್ಲು ಹತ್ತಿ ಇಳೀತಾರೆ. ಆಗ ಗೊತ್ತಾಗುತ್ತೆ, ದನಿ ಒಂದೇ ಹೇಳ್ತಿದ್ರೂ ಅದರ ಸುತ್ತ ನಾಕು ಬೇರೆ ಬೇರೆ ಗುಂಪು ಬರ್ತಾ ಹೋಗ್ತಾ ಇವೆ, ಕಿವಿ ಒಂದರಿಂದ ಇನ್ನೊಂದಕ್ಕೆ ನೆಗೀತಾ ಇರುತ್ತೆ. ‘ರೋಬೋಟ್ ರಾಕ್’ನಲ್ಲಿ ಆ ಸುತ್ತಲಿನ ಗುಂಪು ಕಮ್ಮಿ. ಕಿವಿಗೆ ನೆಗೆಯೋಕೆ ಬೇರೆ ಕೊಂಬೆ ಇಲ್ಲ, ಇರೋ ಒಂದೇ ಕೊಂಬೆ ಮೇಲೆ ಕೂತ್ಕೋಬೇಕು. ಕೂತ್ಕೊಂಡ್ರೆ ಏನು ಕೇಳ್ಸುತ್ತೆ ಅನ್ನೋದೇ ಈ ಆಲ್ಬಂ ಕೇಳೋ ರೀತಿ, ಅದಕ್ಕೆ ನಿನಗೆ ತಮಟೆ ಉದಾಹರಣೆ ಕೊಡ್ತೀನಿ.

ನಿಮ್ಮೂರ ಹಬ್ಬದಲ್ಲಿ ನೋಡಿರ್ತೀಯ, ತಮಟೆಯವರು ಬಾರಿಸೋಕೆ ಮುಂಚೆ ಒಣಹುಲ್ಲಿಗೋ ಕಾಗದಕ್ಕೋ ಬೆಂಕಿ ಹಚ್ಚಿ ಚರ್ಮ ಕಾಯಿಸ್ತಾರೆ. ಬೆಂಕಿ ಹತ್ರ ಹಿಡಿದು ಬೆರಳಲ್ಲಿ ಒಂದೊಂದ್ಸಲ ತಟ್ಟಿ ಕಿವಿ ಕೊಟ್ಟು ನೋಡ್ತಾರೆ, ಮೊದ್ಲು ‘ಡಬ್’ ಅನ್ನೋದು ಕಾಯ್ತಾ ಕಾಯ್ತಾ ‘ಡಣ್’ ಆಗುತ್ತೆ. ಬಾರಿಸೋಕೆ ಶುರು ಮಾಡಿದ್ಮೇಲೆ ಹೊಡೆತ ಅದೇ, ಬೀದಿ ಈ ತುದಿಯಿಂದ ಆ ತುದಿವರ್ಗೂ ಅದೇ, ಆದ್ರೆ ಅರ್ಧ ಗಂಟೇಲಿ ಚರ್ಮ ಆರ್ತಾ ಬರುತ್ತೆ, ಸದ್ದಿನ ಮೇಲಿನ ಚೂಪು ಹೋಗಿ ಹೊಟ್ಟೆ ಸದ್ದು ಉಳಿಯುತ್ತೆ, ಕುಣಿಯೋರ ಹೆಜ್ಜೆನೂ ಸ್ವಲ್ಪ ಭಾರ ಆಗುತ್ತೆ. ಮತ್ತೆ ಕಾಯಿಸ್ಕೊಂಡು ಬಂದು ಅದೇ ಹೊಡೆತ ಹೊಡೆದ್ರೆ ಜನ ಶಿಳ್ಳೆ ಹೊಡೀತಾರೆ. ಕಾಗದದ ಮೇಲೆ ಬರೆದ್ರೆ ಏನೂ ಬದಲಾಗಿಲ್ಲ, ತಾಳ ಅದೇ, ಲೆಕ್ಕ ಅದೇ. ಬದಲಾಗಿದ್ದು ನಾದದ ಗುಣ. ನಿನ್ನ ಸಾಫ್ಟ್‌ವೇರಲ್ಲಿರೋ ಫಿಲ್ಟರ್ ನಾಬು ಮಾಡೋದೂ ಇದನ್ನೇ, ಮೇಲಿನ ಫ್ರೀಕ್ವೆನ್ಸಿ ಮುಚ್ಚಿದ್ರೆ ಆರಿದ ತಮಟೆ, ತೆಗೆದ್ರೆ ಕಾಯಿಸಿದ ತಮಟೆ. ಈ ಆಲ್ಬಂನಲ್ಲಿ ಬದಲಾವಣೆ ಬಹಳ ಇರೋದು ಆ ಜಾಗದಲ್ಲಿ, ಡಿಸ್ಟಾರ್ಷನ್, ಅಂದ್ರೆ ಸದ್ದಿನ ಹರುಕು, ಎಷ್ಟು ಹೆಚ್ಚಾಯ್ತು, ವೊಕೋಡರಿನ ಬಾಯಿ ಎಷ್ಟು ತೆರೀತು, ಡ್ರಮ್ಮಿನ ಸದ್ದಿನ ಬಾಲ ಎಲ್ಲಿ ಕಟ್ ಆಯ್ತು ಅನ್ನೋದ್ರಲ್ಲಿ. ಸಂಗೀತ ಕಛೇರಿ ಕೇಳಿ ಬೆಳೆದ ನನ್ನ ಕಿವಿ ಸಂಗತಿಗೆ ಕಾಯ್ತಿತ್ತು, ಅಂದ್ರೆ ಅದೇ ಸಾಲು ಪ್ರತಿ ಸಲ ಸ್ವರದಲ್ಲಿ ಒಂಚೂರು ಬೆಳೀಬೇಕು. ಇಲ್ಲಿ ಸ್ವರ ಬೆಳೆಯಲ್ಲ.

ಅದು ನನಗೆ ತಲೆಗೆ ಹತ್ತಿದ್ದು ಎರಡು ವರ್ಷ ಆದ್ಮೇಲೆ, ಒಂದು ಸೌಂಡ್ ಚೆಕ್‌ನಲ್ಲಿ. ಮಹಾರಾಜಾ ಕಾಲೇಜು ಗ್ರೌಂಡಲ್ಲಿ ಒಂದು ಕಾರ್ಯಕ್ರಮ, ಮಧ್ಯಾಹ್ನ ಮೂರು ಗಂಟೆ, ಬಿಸಿಲು, ಬೇಸ್ ಬಾಕ್ಸ್ ಜೋಡಿಸಿ, ಚೂಪು ಸದ್ದಿನ ಟಾಪ್ಸ್ ಬಾಕ್ಸ್ ಎತ್ತರಕ್ಕೆ ಕಟ್ಟಿ ಆಂಪ್ಲಿಫೈಯರ್ ಆನ್ ಮಾಡಿದ್ವಿ. ಬಾಕ್ಸ್ ಟೆಸ್ಟ್ ಮಾಡೋಕೆ ಬದಲಾಗ್ದೇ ಇರೋ ಒಂದು ಸದ್ದು ಬೇಕು, ಹಾಡು ಬದಲಾಗ್ತಾ ಇದ್ರೆ ಯಾವ ಬಾಕ್ಸ್ ಏನು ಮಾಡ್ತಿದೆ ಗೊತ್ತಾಗಲ್ಲ. ಬ್ಯಾಗಲ್ಲಿ ಆ ಸಿಡಿ ಇತ್ತು, ‘ರೋಬೋಟ್ ರಾಕ್’ ಹಾಕ್ದೆ. ಮೊದಲ ಹೊಡೆತಕ್ಕೇ ಎದೆ ಮೇಲೆ ಯಾರೋ ಅಂಗೈ ಇಟ್ಟು ತಳ್ಳಿದ ಹಾಗಾಯ್ತು. ನಾನು ಈಕ್ವಲೈಜರ್ ಮುಂದೆ ನಿಂತು ಒಂದೊಂದೇ ಫ್ರೀಕ್ವೆನ್ಸಿ ಸರಿ ಮಾಡ್ತಾ ಇದೀನಿ, ನೋಡಿದ್ರೆ ವೈರ್ ಎಳೀತಿದ್ದ ನಮ್ಮ ಹುಡುಗರು ಇಬ್ರು ತಲೆ ಆಡಿಸ್ತಿದಾರೆ, ಶಾಮಿಯಾನ ಕಟ್ಟೋಕೆ ಬಂದಿದ್ದ ಒಬ್ಬ ಅಜ್ಜ ಕಂಬ ಹಿಡ್ಕೊಂಡೇ ಕಾಲಲ್ಲಿ ತಾಳ ಹಾಕ್ತಿದಾನೆ. ಅವನಿಗೆ ಡ್ಯಾಫ್ಟ್ ಪಂಕ್ ಯಾರು ಅಂತ ಗೊತ್ತಿಲ್ಲ, ಮೆಟಾಕ್ರಿಟಿಕ್ ಗೊತ್ತಿಲ್ಲ. ನಾಕೂಮುಕ್ಕಾಲು ನಿಮಿಷ ಹೆಂಗೆ ಹೋಯ್ತೋ ನನಗೆ ತಿಳೀಲಿಲ್ಲ, ಎರಡನೇ ಸಲ ಹಾಕ್ದೆ, ಟೆಸ್ಟಿಂಗ್ ಮುಗಿದಿತ್ತು, ಕೇಳೋಕೇ ಅಂತ ಹಾಕಿದ್ದು.

ಅದೇ ಸಮಯದಲ್ಲಿ ಜಗತ್ತಿಗೂ ಇದೇ ಆಗ್ತಿತ್ತು ಅಂತ ನನಗೆ ಆಮೇಲೆ ಗೊತ್ತಾಗಿದ್ದು. 1997ರ ಟೂರ್ ಆದ್ಮೇಲೆ ಅವರಿಬ್ರೂ ಸ್ಟೇಜ್ ಟೂರ್ ಮಾಡಿರ್ಲಿಲ್ಲ. 2006ರ ಏಪ್ರಿಲ್ 29ಕ್ಕೆ ಕ್ಯಾಲಿಫೋರ್ನಿಯಾದ ಕೋಚೆಲಾ ಉತ್ಸವದಲ್ಲಿ ಒಂದು ದೊಡ್ಡ ಟೆಂಟೊಳಗೆ ಲೈಟಿನ ಪಿರಮಿಡ್ ಕಟ್ಟಿಸಿ ಅದರೊಳಗೆ ನಿಂತು ನುಡಿಸಿದ್ರು. ಶುರುವಲ್ಲಿ ವೊಕೋಡರ್ ದನಿ ‘ರೋಬೋಟ್’ ಅನ್ನುತ್ತೆ, ‘ಹ್ಯೂಮನ್’ ಅನ್ನುತ್ತೆ, ಒಂದಾದ ಮೇಲೊಂದು, ನಿಧಾನಕ್ಕೆ ಬೇಗ ಆಗ್ತಾ ಹೋಗಿ ‘ರೋಬೋಟ್ ರಾಕ್’ ರಿಫ್ ಒಡೆದು ಬರುತ್ತೆ. ಮನೇಲಿ ಬೋರು ಅಂತ ಪಕ್ಕಕ್ಕಿಟ್ಟಿದ್ದ ಹಾಡೇ ಆ ರಾತ್ರಿಯ ಬಾಗಿಲು ತೆಗೆದಿದ್ದು. ಅದೇ ಷೋ ಊರೂರು ಸುತ್ತಿ, 2007ರ ಜೂನ್ 14ಕ್ಕೆ ಪ್ಯಾರಿಸ್ಸಿನ ಬೆರ್ಸಿಯಲ್ಲಿ ನುಡಿಸಿದ್ದು ‘ಅಲೈವ್ 2007’ ಅಂತ ಲೈವ್ ಆಲ್ಬಂ ಆಯ್ತು, ಅದಕ್ಕೆ 2009ರಲ್ಲಿ ಗ್ರ್ಯಾಮಿನೂ ಬಂತು.

ಆ ಲೈವ್ ಆಲ್ಬಂ ಕೂತು ಗಮನವಿಟ್ಟು ಕೇಳು, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅದ್ರಲ್ಲೇ ಇದೆ. ‘ಟೆಲಿವಿಷನ್ ರೂಲ್ಸ್ ದ ನೇಷನ್’ ಸ್ಟುಡಿಯೋ ಆಲ್ಬಂನಲ್ಲಿ ಒಣಕಲು, ಒಂದು ಸಾಲು, ಒಂದು ರಿಫ್. ಅಲ್ಲಿ ಅದರ ಮೇಲೆ ‘ಡಿಸ್ಕವರಿ’ಯ ‘ಕ್ರೆಸೆಂಡಾಲ್ಸ್’ ತಂದು ಕೂರಿಸ್ತಾರೆ, ಎರಡೂ ಸೇರಿದಾಗ ಮೈ ಜುಂ ಅನ್ನುತ್ತೆ. ಕೊನೇಲಿ ‘ಹ್ಯೂಮನ್ ಆಫ್ಟರ್ ಆಲ್’ ದನಿನ ‘ಒನ್ ಮೋರ್ ಟೈಮ್’ ಜೊತೆ ಹೆಣೀತಾರೆ. ‘ಡಿಸ್ಕವರಿ’ ಹಾಡುಗಳು ತುಂಬಿದ ಕೊಡ, ಅದರೊಳಗೆ ಇನ್ನೊಂದು ಹಾಡು ಹಿಡಿಯೋಕೆ ಜಾಗ ಇಲ್ಲ. ಈ ಆಲ್ಬಂನ ಹಾಡುಗಳಲ್ಲಿ ಎಂಟೇ ಟ್ರ್ಯಾಕು, ನಡುವೆ ಬೇಕಾದಷ್ಟು ಖಾಲಿ, ಆ ಖಾಲಿಯೊಳಗೆ ಇನ್ನೊಂದು ಹಾಡು ಬಂದು ಕೂತ್ಕೊಳ್ಳುತ್ತೆ. ಮನೇಲಿ ಕೇಳಿದವನಿಗೆ ಕೊರತೆ ಅನ್ಸಿದ್ದೇ ಸ್ಟೇಜಲ್ಲಿ ಅನುಕೂಲ ಆಯ್ತು. ಇದನ್ನ ಮೊದ್ಲು ಹಿಡಿದಿದ್ದು ಬೇರೆ ಕಲಾವಿದರು, ಸೋಲ್‌ವ್ಯಾಕ್ಸು, ಜಸ್ಟೀಸು, ಇವರೆಲ್ಲಾ ಮಾಡಿದ ರೀಮಿಕ್ಸ್‌ಗಳದ್ದೇ ಒಂದು ಆಲ್ಬಂ 2006ರಲ್ಲಿ ಜಪಾನಲ್ಲಿ ಬಂತು. ಬಸ್ಟಾ ರೈಮ್ಸ್ ಇದೇ ಆಲ್ಬಂನ ‘ಟೆಕ್ನಾಲಜಿಕ್’ನ ಒಂದು ತುಂಡು ಇಟ್ಕೊಂಡು 2005ರಲ್ಲೇ ಒಂದು ರ‍್ಯಾಪ್ ಹಿಟ್ ಮಾಡಿದ.

ಹಂಗಂತ ಇಡೀ ಆಲ್ಬಂನ ನಾನು ಒಪ್ಪಲ್ಲ. ಕೊನೇ ಟ್ರ್ಯಾಕ್ ‘ಎಮೋಷನ್’ ಏಳು ನಿಮಿಷ ಹತ್ತತ್ರ ಎಳೀತಾರೆ, ಮೂರು ನಿಮಿಷಕ್ಕೆ ಅದು ಹೇಳೋದೆಲ್ಲಾ ಹೇಳಿ ಆಗಿರುತ್ತೆ. ‘ದ ಬ್ರೈನ್‌ವಾಷರ್’ ಬಾಯಿ ಮಾಡಿದಷ್ಟು ಕೆಲಸ ಮಾಡಲ್ಲ. ‘ಆನ್/ಆಫ್’ ಅನ್ನೋದು ಹತ್ತೊಂಬತ್ತು ಸೆಕೆಂಡಿನ ಟಿವಿ ಚಾನಲ್ ತಿರುಗಿಸೋ ಸದ್ದು, ಅದಕ್ಕೆ ಹೇಳೋದೇನಿಲ್ಲ. ಆದ್ರೆ ‘ಮೇಕ್ ಲವ್’ ಬಗ್ಗೆ ಯಾರೂ ಮಾತಾಡಲ್ಲ, ಅದು ನನಗೆ ಸಂಕಟ. ಇಡೀ ಗಲಾಟೆ ಮಧ್ಯ ಒಂದೇ ನಿಧಾನದ ಹಾಡು, ಕೀಬೋರ್ಡಿನ ಒಂದು ಸಣ್ಣ ಸುತ್ತು, ಒಂದು ದನಿ ಎಲ್ಲೋ ಪಕ್ಕದ ರೂಮಲ್ಲಿ ಗುನುಗೋ ಹಾಗೆ ಬಂದು ಹೋಗುತ್ತೆ, ರಾತ್ರಿ ಚಾಮುಂಡಿಬೆಟ್ಟ ಇಳಿಯೋವಾಗ ಕಾರಲ್ಲಿ ಅದನ್ನ ಎಷ್ಟು ಸಲ ಹಾಕಿದೀನೋ ಲೆಕ್ಕ ಇಲ್ಲ. ‘ದ ಪ್ರೈಮ್ ಟೈಮ್ ಆಫ್ ಯುವರ್ ಲೈಫ್’ ಕೊನೇಲಿ ಬೇಗ ಆಗ್ತಾ ಆಗ್ತಾ ಹೊಡೆತಗಳು ಒಂದಕ್ಕೊಂದು ಅಂಟ್ಕೊಂಡು ಬರೀ ಗುಂಯ್ ಆಗಿಬಿಡುತ್ತಲ್ಲ, ತಾಳ ಅನ್ನೋದು ಸ್ವರ ಆಗೋ ಜಾಗ ಅದು, ಹೆಡ್‌ಫೋನಲ್ಲಿ ಕೇಳು. ಆಮೇಲೆ 2013ರಲ್ಲಿ ಇದೇ ಜೋಡಿ ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ಗೆ ನೈಲ್ ರಾಡ್ಜರ್ಸ್ ಥರದ ದೊಡ್ಡ ದೊಡ್ಡ ವಾದ್ಯಗಾರರನ್ನ ಕರೆಸಿ ವರ್ಷಗಟ್ಟಲೆ ದುಡ್ಡು ಸುರಿದು ಮಾಡಿ, 2014ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಗೆದ್ರು, 2021ರ ಫೆಬ್ರವರಿಯಲ್ಲಿ ಬೇರೆ ಆದ್ರು. ಆ ಗ್ರ್ಯಾಮಿ ಆಲ್ಬಂನ ನಾನು ಗೌರವದಿಂದ ಕೇಳ್ತೀನಿ, ಆದ್ರೆ ಕೆಲಸ ಶುರು ಮಾಡೋ ಮುಂಚೆ ಹಾಕೋದು 2005ರದ್ದನ್ನೇ.

ಇನ್ನು ನಿನ್ನ ಟ್ರ್ಯಾಕ್ ವಿಷಯ. ನಿಮ್ಮ ಆಲೆಮನೇಲಿ ಗಾಣದ ಪಕ್ಕ ಹತ್ತು ನಿಮಿಷ ಕಣ್ಣು ಮುಚ್ಕೊಂಡು ನಿಂತ್ಕೋ, ಆಮೇಲೆ ಇದೇ ಆಲ್ಬಂನ ‘ಸ್ಟೀಮ್ ಮಷೀನ್’ ಕೇಳು. ದೂರದಿಂದ ಬಂದವನಿಗೆ ಗಾಣದ ಸದ್ದು ಒಂದೇ. ನಿಮ್ಮಪ್ಪಂಗೆ ಕೇಳು, ಜಲ್ಲೆ ಕೊಟ್ಟಾಗ ಮೋಟ್ರು ಕುಗ್ಗೋದು, ಹಿಂಡಿ ಆಚೆ ಹೋದ್ಮೇಲೆ ಮತ್ತೆ ಏರೋದು, ಗಟ್ಟಿ ಕಬ್ಬು ಬಂದ್ರೆ ಒಂದು ಥರ ನರಳೋದು, ಕೊಪ್ಪರಿಗೆ ಹತ್ರ ಕೂತಿದ್ರೂ ಅವರಿಗೆ ಅದೆಲ್ಲಾ ಕೇಳ್ಸುತ್ತೆ. ನಿನ್ನ ಲೂಪಿಗೆ ಆ ಕುಗ್ಗೋದು ಏರೋದು ಇದೆಯಾ ಅಂತ ನೋಡು. ಇದ್ರೆ ಸ್ವರ ಬದಲಾಯಿಸೋಕೆ ಹೋಗ್ಬೇಡ, ಸದ್ದನ್ನ ಬದಲಾಯಿಸು, ಎಂಟೆಂಟು ಸುತ್ತಿಗೆ ಫಿಲ್ಟರ್ ಒಂದು ಕೂದಲೆಳೆ ಸರಿಸು. ಇಲ್ಲ, ಕಾಪಿ ಪೇಸ್ಟ್ ಮಾಡಿ ಉದ್ದ ಮಾಡಿದೀಯ ಅಂದ್ರೆ ನಿನ್ನ ಫ್ರೆಂಡ್ಸ್ ಹೇಳಿದ್ದು ಸರಿ. ಒಂದು ವಾರ ಬರೀ ಎಂಟು ಟ್ರ್ಯಾಕಲ್ಲಿ ಮಾಡು, ಒಂಬತ್ತನೇದು ಬೇಕು ಅನ್ಸಿದಾಗ ಯಾವುದಾದ್ರೂ ಒಂದನ್ನ ಅಳಿಸು. ಆಮೇಲೆ ಫ್ರೆಂಡ್ಸಿಗೆ ಮೊಬೈಲ್ ಸ್ಪೀಕರಲ್ಲಿ ಕೇಳಿಸ್ಬೇಡ, ಅದ್ರಲ್ಲಿ ಬೇಸೇ ಬರಲ್ಲ, ಊರಲ್ಲಿ ಯಾರ ಹತ್ರನಾದ್ರೂ ಡಿಜೆ ಬಾಕ್ಸ್ ಇದ್ದೇ ಇರುತ್ತೆ, ಸಂಜೆ ಗದ್ದೆ ಬಯಲಲ್ಲಿ ಇಟ್ಟು ಹಾಕು, ಯಾರ ಕಾಲು ಅಲ್ಲಾಡುತ್ತೆ ನೋಡು. ದಸರಾ ಮುಗಿದ್ಮೇಲೆ ನನ್ನ ರೂಮು ಖಾಲಿ ಇರುತ್ತೆ, ಪೆನ್‌ಡ್ರೈವ್ ತಗೊಂಡು ಬಾ, ದೊಡ್ಡ ಮಾನಿಟರ್ ಸ್ಪೀಕರಲ್ಲಿ ಮೊದ್ಲು ‘ರೋಬೋಟ್ ರಾಕ್’ ಹಾಕಿ ಆಮೇಲೆ ನಿಂದು ಹಾಕಣ.